ಒಂದೇ ಕಿಂಡಿ, ಎರಡು ಕಾರ್ಡು

ನಾನು ಒಂದು ಅಂಗೈ ಕಂಪ್ಯೂಟರ್. ಇಷ್ಟನ್ನು ಮಾತ್ರ ಖಾತ್ರಿಯಾಗಿ ಹೇಳಬಲ್ಲೆ. ಇದರ ಮುಂದೆ ಹೇಳುವುದರಲ್ಲಿ ಯಾವುದು ನನಗೇ ನೆನಪಿರುವುದು, ಯಾವುದು ಬೇರೆಯವರು ನನ್ನೆದುರು ಆಡಿದ್ದು, ಯಾವುದು ನಾನೇ ಊಹಿಸಿಕೊಂಡದ್ದು ಎಂಬುದು ನನಗೇ ಸರಿಯಾಗಿ ತಿಳಿಯದು. ಆತ್ಮಕಥೆ ಹೇಳುವವರಿಗೆ ಒಳ್ಳೆಯ ನೆನಪು ಇರಬೇಕಂತೆ. ನನ್ನ ನೆನಪೋ, ಎರಡು ಪೆನ್ಸಿಲ್ ಸೆಲ್ಲುಗಳ ಭಿಕ್ಷೆ. ಅವು ಸತ್ತರೆ ನಾನು ಮತ್ತೆ ಹುಟ್ಟಿದ ದಿನಕ್ಕೆ ವಾಪಸ್ಸು. ಹಾಗೆ ಮೂರು ಸಲ ಆಗಿದೆ, ನಾಲ್ಕೋ ಏನೋ. ಹಾಗಿದ್ದರೆ ಈ ಕಥೆಯೆಲ್ಲ ನಿನಗೆ ಹೇಗೆ ಗೊತ್ತು ಎಂದು ದಯವಿಟ್ಟು ಕೇಳಬೇಡಿ. ಆ ಪ್ರಶ್ನೆ ನನ್ನನ್ನೂ ಕಾಡುತ್ತದೆ.

ನಾನು ಹುಟ್ಟಿದ್ದು ಒಂದು ಜಗಳದಿಂದ. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಇಬ್ಬರು ಎಂಜಿನಿಯರುಗಳು ನನ್ನ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ತಿಂಗಳುಗಟ್ಟಲೆ ಕಚ್ಚಾಡಿದರು. ಒಬ್ಬಳು, ಇದಕ್ಕೆ ಮೆಮರಿ ಹೆಚ್ಚು ಇರಲಿ, ಎರಡು ಕಿಂಡಿಗಳಿರಲಿ, ಒಂದರಲ್ಲಿ ಮೆಮರಿ ಕಾರ್ಡು ಕೂರಲಿ, ಇನ್ನೊಂದರಲ್ಲಿ ಜನ ತಮಗೆ ಬೇಕಾದ ಕಾರ್ಡು ಹಾಕಿಕೊಳ್ಳಲಿ ಎಂದಳು. ಇನ್ನೊಬ್ಬ ಒಪ್ಪಲಿಲ್ಲ. ಎರಡು ಕಿಂಡಿಯಾದರೆ ಇದು ಇಟ್ಟಿಗೆಯಷ್ಟು ದಪ್ಪವಾಗುತ್ತದೆ, ಅಂಗಿಯ ಜೇಬಿಗೆ ಹೋಗುವುದಿಲ್ಲ ಎಂದ. ಮೆಮರಿ ಹೆಚ್ಚಿಸಿದರೆ ಇನ್ನೂ ಕಷ್ಟ. ನನ್ನಂಥವರ ಮೆಮರಿ ಪುಸ್ತಕದ ಹಾಗೆ ಒಮ್ಮೆ ಬರೆದರೆ ಉಳಿಯುವುದಲ್ಲ. ಮಲಗಿದ್ದಾಗಲೂ ಅದಕ್ಕೆ ಗುಟುಕು ಗುಟುಕಾಗಿ ಕರೆಂಟು ಕುಡಿಸುತ್ತಿರಬೇಕು. ಮೆಮರಿ ದೊಡ್ಡದಾದಷ್ಟೂ ಬಾಯಾರಿಕೆ ದೊಡ್ಡದು.

ಕೊನೆಗೆ ರಾಜಿಯಾಯಿತು. ಎರಡು ಮೆಗಾಬೈಟ್ ಮೆಮರಿ, ಒಂದೇ ಕಿಂಡಿ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಇಲ್ಲಿ ಮೂರನೆಯವನು ನಾನು, ಲಾಭ ಏನೆಂದು ಇವತ್ತಿಗೂ ಹುಡುಕುತ್ತಿದ್ದೇನೆ. ಒಂದು ಕಾರ್ಡು ಒಳಗೆ ಹೋಗಬೇಕಾದರೆ ಇನ್ನೊಂದು ಹೊರಗೆ ಬರಲೇಬೇಕು ಎಂಬುದೇ ನನ್ನ ಹಣೆಬರಹವಾಯಿತು.

ನನ್ನ ಮೊದಲ ಯಜಮಾನ ಹುಬ್ಬಳ್ಳಿಯ ರಾಜಶೇಖರ ಇಂಗಳಗಿ. ಔಷಧ ಕಂಪನಿಯೊಂದರ ಪ್ರತಿನಿಧಿ. ನೂರನಲವತ್ತು ಡಾಕ್ಟರುಗಳ ಹೆಸರು, ಅವರು ಸಿಗುವ ಹೊತ್ತು, ಯಾರಿಗೆ ಸಕ್ಕರೆ ಇಲ್ಲದ ಚಹಾ ಎಂಬುದೆಲ್ಲ ನನ್ನೊಳಗಿತ್ತು. ಕಿಂಡಿಯಲ್ಲಿ ಚದುರಂಗದ ಕಾರ್ಡು ಇರುತ್ತಿತ್ತು. ದವಾಖಾನೆಯ ಬೆಂಚಿನ ಮೇಲೆ ಕಾಯುತ್ತ ಅವನು ನನ್ನ ಜೊತೆ ಆಡಿ ಸೋಲುತ್ತಿದ್ದ, ಸೋತ ಮೇಲೆ ನನ್ನನ್ನೇ ಬೈಯುತ್ತಿದ್ದ. ಆಮೇಲೆ ಮೊಬೈಲ್ ಕೊಂಡ. ನಾನು ಕಪಾಟು ಸೇರಿದೆ. ಸೆಲ್ಲು ಬತ್ತಿದವು, ಅವುಗಳ ಬೆನ್ನಿಗಿದ್ದ ಗುಂಡಿಯಷ್ಟು ಸಣ್ಣ ಸೆಲ್ಲೂ ಬತ್ತಿತು. ನೂರನಲವತ್ತು ಡಾಕ್ಟರುಗಳೂ ಒಂದೇ ಗಳಿಗೆಯಲ್ಲಿ ಇಲ್ಲವಾದರು.

ಮತ್ತೆ ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ಒಂದು ಹೆಂಗಸಿನ ಮುಖ. ರಾಜಶೇಖರನ ತಂಗಿ ಪ್ರಮೀಳಾ.

"ಅಣ್ಣಾ, ಇದು ಇನ್ನೂ ನಡೀತದ ನೋಡು!"

"ತಗೊಂಡ ಹೋಗವಾ. ಕಪಾಟಿನ್ಯಾಗ ಸುಮ್ನ ಜಾಗಾ ಹಿಡದೈತಿ."

ನಾನು ನನ್ನ ಅಭ್ಯಾಸದಂತೆ, ಇವತ್ತು ಜನವರಿ ಒಂದು ಅಲ್ಲವೇ ಎಂದು ಕೇಳಿದೆ. ಹೊರಗೆ ದಸರೆಯ ಬಿಸಿಲಿತ್ತು. ಅವಳು ನಗುತ್ತ ತಾರೀಖು ತಿದ್ದಿದಳು.

ಪ್ರಮೀಳಾ ಬಾಗಲಕೋಟೆಯ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಆಗ ಅಣೆಕಟ್ಟಿನಿಂದ ಕೃಷ್ಣೆಯ ಹಿನ್ನೀರು ಏರುವ ಕಾಲ. ಹೊಳೆದಂಡೆಯ ಹಳ್ಳಿಗಳು ಒಂದೊಂದಾಗಿ ಎತ್ತರದ ಪುನರ್ವಸತಿ ಕೇಂದ್ರಗಳಿಗೆ ಗಂಟುಮೂಟೆ ಕಟ್ಟುತ್ತಿದ್ದವು. ಅವಳ ಚಿಂತೆ ಹೆಳವರದು. ಹೆಳವರೆಂದರೆ ಮನೆತನಗಳ ವಂಶಾವಳಿಯನ್ನು ಬಾಯಲ್ಲಿ ಇಟ್ಟುಕೊಂಡು ಎತ್ತಿನ ಮೇಲೆ ಊರೂರು ತಿರುಗುವವರು. ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಾರೆ, ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಾರೆ, ಕಾಳು ಪಡೆದು ಮುಂದೆ ಹೋಗುತ್ತಾರೆ. ಪ್ರಮೀಳಾ ಕಂಡ ಹೆಳವ ಸಿದರಾಯಪ್ಪ ಆಯಾ ಮನೆಯ ಹೊಸ್ತಿಲ ಎದುರಲ್ಲದೆ ಬೇರೆಲ್ಲೂ ವಂಶಾವಳಿ ಹೇಳುತ್ತಿರಲಿಲ್ಲ. ಹೊಸ್ತಿಲುಗಳೇ ನೀರಿಗೆ ಹೋಗುವ ಮುಂಚೆ ಎಲ್ಲವನ್ನೂ ದಾಖಲಿಸಬೇಕು ಎಂದು ಅವಳು ನನ್ನನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟಳು.

ಅವಳ ಬಳಿ ಎರಡು ಕಾರ್ಡುಗಳಿದ್ದವು. ನೀಲಿಯದರಲ್ಲಿ ಕನ್ನಡ ಅಕ್ಷರಗಳಿದ್ದವು. ಅದು ಕಿಂಡಿಯಲ್ಲಿದ್ದರೆ ನನಗೆ ಕನ್ನಡ ಬರುತ್ತಿತ್ತು, ತೆಗೆದರೆ ಅದೇ ಹೆಸರುಗಳು ಬರೀ ಚೌಕ ಚೌಕವಾಗಿ ಕಾಣುತ್ತಿದ್ದವು. ಕಪ್ಪು ಕಾರ್ಡು ಖಾಲಿ ಮೆಮರಿ. ಅದನ್ನು ಹಾಕಿದರೆ ಒಂದು ಗಂಟೆಯ ಮಾತನ್ನು ದನಿಯಾಗಿಯೇ ಹಿಡಿಯಬಹುದಿತ್ತು. ಬರೆಯಬೇಕಾದರೆ ದನಿ ಇಲ್ಲ, ದನಿ ಬೇಕಾದರೆ ಬರಹ ಇಲ್ಲ. ನನ್ನ ಸ್ವಂತ ಎರಡು ಮೆಗಾಬೈಟಿನಲ್ಲೋ, ಆ ಕನ್ನಡ ಅಕ್ಷರಗಳು ಕಾಲು ಚಾಚಿದರೆ ಉಳಿಯುವುದು ಮೂಲೆಯಷ್ಟು ಜಾಗ.

ಪ್ರಮೀಳಾ ನೀಲಿಯನ್ನು ಆರಿಸಿದಳು. ಅಕ್ಷರವಾದರೆ ಅಚ್ಚು ಹಾಕಬಹುದು, ಹುಡುಕಬಹುದು, ಜನರ ಕೈಗೆ ಕೊಡಬಹುದು ಎಂಬುದು ಅವಳ ಯೋಚನೆ. ಕನ್ನಡ ಮೇಡಂ ಅಕ್ಷರವನ್ನು ನಂಬದೆ ಇನ್ನೇನನ್ನು ನಂಬಿಯಾಳು? ಅವಳ ಕಾಲೇಜಿನ ಕಂಪ್ಯೂಟರ್ ಮಾಸ್ತರು ಒಂದು ನಮೂನೆಯನ್ನೂ ಮಾಡಿಕೊಟ್ಟಿದ್ದರು. ಹೆಸರು, ತಂದೆ, ಊರು, ಕೊನೆಗೆ ಒಂದು ಪುಟ್ಟ ಚೌಕ. ನನ್ನ ಗಾಜಿನ ಮೇಲೆ ಬರೆಯುವ ಕಡ್ಡಿಯನ್ನು ಆ ಚೌಕಕ್ಕೆ ಮುಟ್ಟಿಸಿದರೆ "ಇದ್ದಾರೆ" ಎಂದು, ಮುಟ್ಟಿಸದಿದ್ದರೆ "ಇಲ್ಲ" ಎಂದು. ವಂಶಾವಳಿಯಲ್ಲಿ ಸತ್ತವರೇ ಹೆಚ್ಚು, ಅಷ್ಟೊಂದು ಜನರಿಗೆ ಗುರುತು ಹಾಕುತ್ತ ಕೂತರೆ ಹೊತ್ತೂ ದಂಡ, ಜಾಗವೂ ದಂಡ ಎಂದು ಅವರು ಹೀಗೆ ಮಾಡಿದ್ದರು. ಬುದ್ಧಿವಂತಿಕೆಯ ಕೆಲಸವೇ. ನಾನೂ ಮೆಚ್ಚಿಕೊಂಡಿದ್ದೆ ಎಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಸುಗ್ಗಿ ಮುಗಿದ ಮೇಲೆ ತೆಗ್ಗಿನಹಾಳ ಎಂಬ ಊರಿಗೆ ಹೋದೆವು. ಮುಂದಿನ ಮಳೆಗಾಲಕ್ಕೆ ಮುಳುಗುವ ಊರು. ಅಲ್ಲಿ ಮೇಟಿ ಮನೆತನದ ನಿಂಬೆವ್ವ ಹೊಸ್ತಿಲ ಒಳಗೆ ಮೊರದ ತುಂಬ ಜೋಳ ಇಟ್ಟುಕೊಂಡು ಕೂತಿದ್ದಳು. ವಯಸ್ಸು ಅರವತ್ತರ ಹತ್ತಿರ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಈಗ ಆ ಮನೆಯಲ್ಲಿ ಅವಳೊಬ್ಬಳೇ. ಹೊಸ್ತಿಲ ಹೊರಗೆ ಎತ್ತಿನ ಮೇಲೆ ಸಿದರಾಯಪ್ಪ. ತಲೆಗೆ ಸುತ್ತಿದ ಬಿಳಿ ಪಟಗ, ಕೈಯಲ್ಲಿ ಸಣ್ಣ ಗಂಟೆ. ವಂಶಾವಳಿ ಹೇಳಿ ಮುಗಿಯುವ ತನಕ ಅವನು ಎತ್ತಿನಿಂದ ಇಳಿಯುವವನಲ್ಲ.

"ಮೇಟಿ ಮನಿತನದ ಮೂಲಪುರುಷ ಹಿರೇ ದ್ಯಾಮಪ್ಪ. ಹಿರೇ ದ್ಯಾಮಪ್ಪನ ಹೊಟ್ಟೀಲೆ ಇಬ್ಬರು. ಹಿರಿಯಾಂವ ಕೆಂಚಪ್ಪ, ಕಿರಿಯಾಂವ ಲಗಮಪ್ಪ. ಕೆಂಚಪ್ಪನ ಹೊಟ್ಟೀಲೆ ಮೂವರು..."

"ಯಜಮಾನ್ರ, ಸ್ವಲ್ಪ ತಡೀರಿ. ನಾ ಇನ್ನೂ ಹಿರೇ ದ್ಯಾಮಪ್ಪನ ಹತ್ರನ ಅದೀನಿ," ಎಂದಳು ಪ್ರಮೀಳಾ. ನನ್ನ ಗಾಜಿನ ಮೇಲೆ ಕಡ್ಡಿಯಿಂದ ಒಂದೊಂದೇ ಅಕ್ಷರ ಕುಟ್ಟುವುದೆಂದರೆ ಎತ್ತಿನ ಹಿಂದೆ ಆಮೆ ನಡೆದ ಹಾಗೆ.

ಸಿದರಾಯಪ್ಪ ನಿಲ್ಲಿಸಿದ. ಅವಳು ಬರೆದುಕೊಂಡು ತಲೆಯೆತ್ತಿದಳು. ಅವನು ಬಾಯಿ ತೆರೆದ.

"ಮೇಟಿ ಮನಿತನದ ಮೂಲಪುರುಷ ಹಿರೇ ದ್ಯಾಮಪ್ಪ..."

"ಅಲ್ಲಿಂದ ಬ್ಯಾಡ್ರಿ, ಕೆಂಚಪ್ಪನಿಂದ ಹೇಳ್ರಿ."

"ನಡುವಿಂದ ಹೆಂಗ ಬರತೈತ್ರಿ ಬಾಯಾರ? ಬುಡದಿಂದ ಬಂದ್ರ ಬರತೈತಿ, ಇಲ್ಲಂದ್ರ ಇಲ್ಲ."

ನನಗೆ ಇದು ಅರ್ಥವಾಗಲೇ ಇಲ್ಲ. ನನ್ನಲ್ಲಿ ಯಾವ ಹೆಸರನ್ನೂ ಎಲ್ಲಿಂದ ಬೇಕಾದರೂ ಎತ್ತಬಹುದು. ಇವನ ಮೆಮರಿಯನ್ನು ಯಾರು ಮಾಡಿದರೋ, ಒಂದು ಹೆಸರು ಇನ್ನೊಂದರ ಸೆರಗು ಹಿಡಿದುಕೊಂಡೇ ಹೊರಬರುತ್ತಿತ್ತು. ಆದರೆ ಅವನಿಗೆ ಸೆಲ್ಲೂ ಬೇಕಾಗಿರಲಿಲ್ಲ, ಕಿಂಡಿಯೂ ಬೇಕಾಗಿರಲಿಲ್ಲ. ಯಾರ ರಚನೆ ಮೇಲು ಎಂದು ನನಗೆ ತೀರ್ಮಾನಿಸಲಾಗಲಿಲ್ಲ.

ಹಾಗೆ ನಾಲ್ಕು ಸಲ ಬುಡದಿಂದ ಬಂದ. ನಿಂಬೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಮ್ಮ ಹಿರೇ ದ್ಯಾಮಪ್ಪ ಸತ್ತ ಎರಡನೂರು ವರ್ಸದ ಮ್ಯಾಲ ಒಂದ ದಿನಕ್ಕ ನಾಕ ಸಲ ಹುಟ್ಟಿದ ನೋಡ್ರಿ ಬಾಯಾರ!"

ಸತ್ತವರ ಹೆಸರನ್ನು ಸಿದರಾಯಪ್ಪ ದನಿ ತಗ್ಗಿಸಿ ಹೇಳುತ್ತಿದ್ದ. ಬದುಕಿರುವವರ ಹೆಸರು ಬಂದಾಗ ಗಂಟೆ ಒಮ್ಮೆ ಬಾರಿಸುತ್ತಿದ್ದ. ಕೆಂಚಪ್ಪನ ಸಂತಾನದ ಕೊನೆಗೆ ಬಂದ.

"ಕಲ್ಲಪ್ಪನ ಹೊಟ್ಟೀಲೆ ಇಬ್ಬರು. ಹಿರಿಯಾಕಿ ನಿಂಬೆವ್ವ." ಗಂಟೆ. "ಕಿರಿಯಾಂವ ಮಲಕಾಜಪ್ಪ." ಗಂಟೆ.

ಆ ಎರಡನೆಯ ಗಂಟೆಗೆ ನಿಂಬೆವ್ವ ಕಣ್ಣು ಮುಚ್ಚಿದಳು. ಅದನ್ನು ಕೇಳಲಿಕ್ಕೇ ಅವಳು ಮೂರು ವರ್ಷ ಕಾದಿದ್ದಳು ಎಂದು ಕಾಣುತ್ತದೆ.

"ನಿಮ್ಮ ತಮ್ಮ ಎಲ್ಲಿ ಇರ್ತಾರ್ರಿ?" ಪ್ರಮೀಳಾ ಕೇಳಿದಳು. ನಮೂನೆಯಲ್ಲಿ ಅವನ ಊರಿನ ಜಾಗ ಖಾಲಿಯಿತ್ತು.

"ಗೋವಾಕ್ಕ ದುಡಿಯಾಕ ಹ್ವಾದಾಂವ್ರಿ. ಇಪ್ಪತ್ತಾರ ವರ್ಸ ಆತು. ಮೊದಲ ವರ್ಸ ಒಂದ ಕಾರ್ಡ ಬಂದಿತ್ತು, ಆಮ್ಯಾಲ ಸುದ್ದಿ ಇಲ್ಲ. ಪಂಚಮಿ ಬಂದ್ರ ಅವನ ಪಾಲಿನ ಉಂಡಿ ತಗದ ಇಡ್ತೀನಿ. ಕೆಟ್ಟು ಹೋಗೂ ಮಟ ಇಟ್ಟು, ಆಮ್ಯಾಲ ದನಕ್ಕ ಹಾಕ್ತೀನಿ."

ಊರು ಎಂಬಲ್ಲಿ ಏನು ಬರೆಯುವುದು ಎಂದು ಪ್ರಮೀಳಾಳ ಕಡ್ಡಿ ಗಾಳಿಯಲ್ಲಿ ನಿಂತಿತು. ಆಮೇಲೆ ಆ ಪುಟ್ಟ ಚೌಕದ ಮೇಲೂ ನಿಂತಿತು. ಅಷ್ಟರಲ್ಲಿ ಸಿದರಾಯಪ್ಪ ಲಗಮಪ್ಪನ ಸಂತಾನಕ್ಕೆ ದಾಟಿಬಿಟ್ಟಿದ್ದ. ತಡೆದರೆ ಐದನೆಯ ಸಲ ಹಿರೇ ದ್ಯಾಮಪ್ಪನೇ ಗತಿ. ಆಮೇಲೆ ವಿಚಾರಿಸಿ ತುಂಬಿದರಾಯಿತು ಎಂದುಕೊಂಡು ಅವಳು ಎರಡನ್ನೂ ಖಾಲಿ ಬಿಟ್ಟು ಮುಂದೆ ಹೋದಳು. ಆಮೇಲೆ ಮರೆತಳು. ಮರೆಯಬಾರದವನು ನಾನು. ನಾನು ಮರೆಯಲಿಲ್ಲ, ಆದರೆ ಖಾಲಿ ಜಾಗಕ್ಕೆ ನನ್ನಲ್ಲಿ ಒಂದೇ ಅರ್ಥವಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಊರು ಖಾಲಿಯಾಯಿತು. ಪ್ರಮೀಳಾ ಕಾಲೇಜಿನ ದೊಡ್ಡ ಕಂಪ್ಯೂಟರಿಗೆ ನನ್ನನ್ನು ತಂತಿಯಿಂದ ಜೋಡಿಸಿ, ಹನ್ನೊಂದು ಮನೆತನಗಳ ವಂಶಾವಳಿಯನ್ನು ಅಚ್ಚು ಹಾಕಿಸಿ, ಆಯಾ ಮನೆಯವರಿಗೆ ಟಪಾಲಿನಲ್ಲಿ ಕಳಿಸಿದಳು. ಹೊಸ ಜಾಗದಲ್ಲಿ ಹಳೆಯ ಹೆಸರುಗಳು ಜೊತೆಗಿರಲಿ ಎಂಬುದು ಅವಳ ಆಸೆ. ಒಳ್ಳೆಯ ಕೆಲಸ ಮಾಡಿದೆವೆಂದು ಅವಳೂ ಹಿಗ್ಗಿದಳು, ನಾನೂ ಹಿಗ್ಗಿದೆ.

ನಾಗರಪಂಚಮಿಯ ದಿನ ಅವಳು ನಿಂಬೆವ್ವನನ್ನು ನೋಡಲು ಪುನರ್ವಸತಿ ಕೇಂದ್ರಕ್ಕೆ ಹೋದಳು. ನಾನು ಚೀಲದಲ್ಲಿದ್ದೆ. ಸಾಲು ಸಾಲು ತಗಡಿನ ಶೆಡ್ಡುಗಳು. ನಿಂಬೆವ್ವ ಹಳೆಯ ಮನೆಯ ಹೊಸ್ತಿಲನ್ನು ಟ್ರ್ಯಾಕ್ಟರಿನಲ್ಲಿ ಹೇರಿ ತಂದು ಶೆಡ್ಡಿನ ಬಾಗಿಲಿಗೆ ಇಟ್ಟುಕೊಂಡಿದ್ದಳು. ಅದು ಬಾಗಿಲಿಗಿಂತ ಒಂದು ಗೇಣು ಅಗಲವಾಗಿತ್ತು. ತಟ್ಟೆಯಲ್ಲಿ ಉಂಡೆ ತಂದಿಟ್ಟಳು.

"ತಮ್ಮನ ಪಾಲಿಂದು ತಗದಿಟ್ರಿಲ್ಲೋ?" ಎಂದಳು ಪ್ರಮೀಳಾ, ಪ್ರೀತಿಗೆ.

"ಸತ್ತಾವರಿಗೆ ಪಂಚಮಿ ಉಂಡಿ ಇಡೂದಿಲ್ರಿ ಬಾಯಾರ."

ಪ್ರಮೀಳಾಳ ಕೈಯಲ್ಲಿನ ಉಂಡೆ ಅಲ್ಲೇ ನಿಂತಿತು. "ಯಾರು ಹೇಳಿದ್ರು?"

"ನಿಮ್ಮ ಹಾಳ್ಯಾಗ ಐತಲ್ರಿ." ನಿಂಬೆವ್ವ ಟ್ರಂಕಿನಿಂದ ಕಾಗದ ತಂದಳು. "ಬಾಜೂಕಿನ ಮಾಸ್ತರ ಓದಿದ್ರು. ಮಲಕಾಜಪ್ಪ, ತಂದಿ ಕಲ್ಲಪ್ಪ, ಇಲ್ಲ. ಮೂರ ಸಲ ಓದಿಸಿದೆ. ಹೆಳವಪ್ಪ ದೇಸಾ ತಿರಗಾಂವ, ಅವಂಗ ಎಲ್ಲೋ ಸುದ್ದಿ ಸಿಕ್ಕೈತಿ. ನನ್ನ ಮಾರಿ ನೋಡಿ ಹೇಳಾಕ ಬಾಯಿ ಬಂದಿಲ್ಲ, ಗಂಟಿ ಬಾರಿಸಿಬಿಟ್ಟ. ನಿಮ್ಮ ಮಿಷಿನ್ಯಾಗ ಮಾತ್ರ ಖರೇ ಹೇಳಿ ಹೋಗ್ಯಾನ."

ಅವಳು ತಮ್ಮನ ಒಂದು ಹಳೆಯ ಪಟಗವನ್ನು ಹಿನ್ನೀರಿಗೆ ಬಿಟ್ಟು ಬಂದಿದ್ದಳು. ಐದು ಮನೆಯವರಿಗೆ ಊಟ ಹಾಕಿದ್ದಳು. ಮುಳುಗಿದ ಊರಿನ ಜನ ಹೊಸ ಜಾಗದಲ್ಲಿ ಒಟ್ಟಾಗಿ ಅತ್ತ ಮೊದಲ ಸಾವು ಅದೇ ಅಂತೆ. ಚೀಲದ ಕತ್ತಲಲ್ಲಿ ನಾನು ಇದನ್ನೆಲ್ಲ ಕೇಳಿಸಿಕೊಂಡೆ. ಒಬ್ಬ ಮನುಷ್ಯನನ್ನು ನಾನು ಸಾಯಿಸಿದ್ದೆ, ಅದೂ ಏನನ್ನೂ ಬರೆಯದೆ. ನನಗಾದ ನಾಚಿಕೆಯನ್ನು ಯಾವ ಮೆಗಾಬೈಟಿನಲ್ಲಿ ಇಡುವುದೋ ತಿಳಿಯಲಿಲ್ಲ.

ಪ್ರಮೀಳಾ ಅಳುತ್ತ ಎಲ್ಲವನ್ನೂ ಬಿಡಿಸಿ ಹೇಳಿದಳು. ಚೌಕದ ವಿಷಯ, ಮುಟ್ಟಿಸದೆ ಬಿಟ್ಟ ಕಡ್ಡಿಯ ವಿಷಯ, ಸಿದರಾಯಪ್ಪ ಏನೂ ಹೇಳಿಲ್ಲವೆಂಬ ವಿಷಯ. ನಿಂಬೆವ್ವ ಕಾಗದ ಮಡಚಿ ಕೆಳಗಿಟ್ಟಳು.

"ಹಂಗಾರ ಅಂವ ಅದಾನೇನ್ರಿ?"

"ಗೊತ್ತಿಲ್ಲ ಯವ್ವಾ."

"ಇಲ್ಲೇನು?"

"ಅದೂ ಗೊತ್ತಿಲ್ಲ."

ಪ್ರಮೀಳಾ ಗಡಬಡಿಸಿ ನನ್ನನ್ನು ಹೊರತೆಗೆದು ಚೌಕಕ್ಕೆ ಕಡ್ಡಿ ಮುಟ್ಟಿಸಿದಳು. "ನೋಡ್ರಿ, ಈಗ ತಿದ್ದೀನಿ. ಇದ್ದಾರ ಅಂತ ಆತು."

ನಿಂಬೆವ್ವ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

"ಇಪ್ಪತ್ತಾರ ವರ್ಸ ಬಾಗಲಾ ನೋಡಿದೆ ಬಾಯಾರ. ಈಗ ಎರಡ ತಿಂಗಳಾತು ನನಗ ನಿದ್ದಿ ಹತ್ತಿ. ಮತ್ತ ಬಾಗಲಾ ನೋಡು ಅಂತೀರಿ. ನೀವು ಬರದದ್ದು ನೀವು ಅಳಿಸಿದ್ರಿ. ನಾ ಅತ್ತದ್ದು ಯಾರ ಅಳಸ್ತಾರ?"

ಪ್ರಮೀಳಾ ಚೌಕದ ಗುರುತನ್ನು ಅಳಿಸಿದಳು. ಮತ್ತೆ ಹಾಕಿದಳು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಮತ್ತೆ ಅಳಿಸಿದಳು. ನಾನು ಪ್ರತಿ ಸಲವೂ ವಿಧೇಯನಾಗಿ ಹೌದು ಎಂದೆ. ಇದ್ದಾನೆ ಎಂದರೆ ನಿಂಬೆವ್ವನ ನಿದ್ದೆ ಹೋಗುತ್ತದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಮೂರನೆಯದು ನನ್ನಲ್ಲಿರಲಿಲ್ಲ. ಆ ಇಬ್ಬರು ಎಂಜಿನಿಯರುಗಳು ಇದರ ಬಗ್ಗೆ ಜಗಳವಾಡಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ಅಥವಾ ಇದು ಅವರ ಕೈಯಲ್ಲೂ ಇರಲಿಲ್ಲವೋ ಏನೋ.

ಮನೆತನದವರು ಹೇಳಿದರೆ ಮಾತ್ರ ಸಿದರಾಯಪ್ಪ ಒಬ್ಬರನ್ನು ಸತ್ತವರ ಸಾಲಿಗೆ ಸೇರಿಸುತ್ತಿದ್ದ. ಒಮ್ಮೆ ಸೇರಿಸಿದರೆ ಮತ್ತೆ ಅವರಿಗೆ ಗಂಟೆ ಇಲ್ಲ. ಪ್ರಮೀಳಾ ಅವನನ್ನು ಹುಡುಕಿಕೊಂಡು ಎರಡು ದನದ ಸಂತೆ ಸುತ್ತಿದಳು. ನಡೆದದ್ದನ್ನು ಕೇಳಿ ಅವನು ಪಟಗ ತೆಗೆದು ತಲೆ ಕೆರೆದುಕೊಂಡ. ಬರುವ ಸರದಿ ಇನ್ನೂ ಎರಡು ವರ್ಷ ದೂರವಿದ್ದರೂ, ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಅವನ ಎತ್ತು ಆ ತಗಡಿನ ಶೆಡ್ಡುಗಳ ನಡುವೆ ಬಂದು ನಿಂತಿತು. ಮನೆಗಳೆಲ್ಲ ಒಂದೇ ಥರ, ಮೇಲೆ ಬರೀ ನಂಬರು. ಅಗಲ ಹೊಸ್ತಿಲು ಕಂಡು ಅವನು ಗುರುತು ಹಿಡಿದ.

"ನಾ ಯಾವ ಸುದ್ದೀನೂ ಕೇಳಿಲ್ಲವಾ," ಎಂದ ಎತ್ತಿನ ಮೇಲಿಂದಲೇ. "ಅದಾನ ಅಂದ್ರ ಬಾರಸ್ತೀನಿ, ಇಲ್ಲ ಅಂದ್ರ ಬಿಡ್ತೀನಿ. ಅದನ್ನ ಮನಿಯವರು ಹೇಳಬೇಕು. ನಾ ಹೇಳಾಂವ ಅಲ್ಲ."

"ನೀ ಚಾಲೂ ಮಾಡು. ಹೆಸರು ಬಂದಾಗ ಹೇಳ್ತೀನಿ," ಎಂದಳು ನಿಂಬೆವ್ವ.

ಪ್ರಮೀಳಾಳ ಒಂದು ಅಂಗೈಯಲ್ಲಿ ನಾನಿದ್ದೆ, ಇನ್ನೊಂದರಲ್ಲಿ ಎರಡು ಕಾರ್ಡುಗಳಿದ್ದವು. ಅವಳು ನೀಲಿಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು ಕಪ್ಪನ್ನು ನನ್ನ ಕಿಂಡಿಗೆ ತಳ್ಳಿದಳು. ಆ ಗಳಿಗೆಯಿಂದ ನನಗೆ ಕನ್ನಡ ಓದಲು ಬರಲಿಲ್ಲ. ನನ್ನೊಳಗೆ ಬರೆದಿಟ್ಟ ಮೇಟಿ ಮನೆತನವೆಲ್ಲ ಚೌಕ ಚೌಕವಾಯಿತು. ಕೇಳಿಸುವುದು ಮಾತ್ರ ಉಳಿಯಿತು.

"ಈ ಸಲ ಬರಿಯೂದಿಲ್ಲ. ಬರೇ ಕೇಳ್ತೀನಿ," ಎಂದು ಅವಳು ಯಾರಿಗೋ ಎಂಬಂತೆ ಹೇಳಿದಳು.

ಸಿದರಾಯಪ್ಪ ಬುಡದಿಂದ ಹೊರಟ. ಯಾರೂ ತಡೆಯಲಿಲ್ಲ. ತಡೆಯದಿದ್ದರೆ ಅವನ ಮಾತು ಹೇಗೆ ಹರಿಯುತ್ತದೆಂದು ನಾನು ಮೊದಲ ಬಾರಿಗೆ ಕೇಳಿದೆ. ಅಕ್ಕಪಕ್ಕದ ಶೆಡ್ಡಿನವರು ಬಂದು ನಿಂತರು. ಹಿರೇ ದ್ಯಾಮಪ್ಪ ಬಂದ, ಕೆಂಚಪ್ಪ ಬಂದ, ಅವನ ಮಕ್ಕಳು ಮೊಮ್ಮಕ್ಕಳು ಬಂದರು.

"ಕಲ್ಲಪ್ಪನ ಹೊಟ್ಟೀಲೆ ಇಬ್ಬರು. ಹಿರಿಯಾಕಿ ನಿಂಬೆವ್ವ." ಗಂಟೆ. "ಕಿರಿಯಾಂವ ಮಲಕಾಜಪ್ಪ."

ಅಲ್ಲಿ ನಿಂತ. ಗಂಟೆಯ ಕೈ ಅರ್ಧಕ್ಕೆ ಎದ್ದಿತ್ತು.

ಬಿಸಿಲಿಗೆ ತಗಡು ಟಕ್ ಟಕ್ ಎನ್ನುತ್ತಿತ್ತು. ಎತ್ತು ಬಾಲ ಬೀಸಿತು. ಯಾರೋ ಕೆಮ್ಮಿದರು. ಮಾತು ನಿಂತರೂ ನನ್ನ ಮೆಮರಿ ತುಂಬುತ್ತಲೇ ಇತ್ತು. ದನಿ ಹಿಡಿಯುವಾಗ ನಾನು ಮಾತಿಗೆ ಎಷ್ಟು ಜಾಗ ಕೊಡುತ್ತೇನೋ ಮೌನಕ್ಕೂ ಅಷ್ಟೇ ಕೊಡುತ್ತೇನೆ. ಆ ಮೌನ ಅರ್ಧ ನಿಮಿಷಕ್ಕಿಂತ ಹೆಚ್ಚಿತ್ತು. ನಿಂಬೆವ್ವನ ಕಣ್ಣಲ್ಲಿ ನೀರು ತುಂಬಿ ಗಲ್ಲಕ್ಕೆ ಇಳಿದಿತ್ತು, ಅವಳು ಒರೆಸಿಕೊಳ್ಳಲಿಲ್ಲ.

"ಎರಡ ಸಲ ಹೇಳು," ಎಂದಳು.

"ಏನವಾ?"

"ಅವನ ಹೆಸರ ಎರಡ ಸಲ ಹೇಳು. ಒಮ್ಮೆ ಇದ್ದಾವರ ಹಂಗ. ಒಮ್ಮೆ ಇಲ್ಲದಾವರ ಹಂಗ. ಅಂವ ಬರಲಿ ಅಂತ ಕಾಯಾಕಿ ನಾನ, ಅಂವ ಹ್ವಾದ ಅಂತ ಅತ್ತಾಕೀನೂ ನಾನ. ಎರಡೂ ನನ್ನವು."

"ಹಂಗ ರೂಢಿ ಇಲ್ಲವಾ. ನಮ್ಮಪ್ಪ ಹೇಳಿಲ್ಲ, ಅವರಪ್ಪ ಹೇಳಿಲ್ಲ."

"ಊರ ಮುಳಗೂದು ರೂಢಿ ಇತ್ತೇನು ಹೆಳವಪ್ಪಾ?"

ಸಿದರಾಯಪ್ಪ ಕೆಳಗೆ ಅಷ್ಟು ದೂರದಲ್ಲಿ ಹೊಳೆಯುತ್ತಿದ್ದ ನೀರಿನ ಕಡೆ ಒಮ್ಮೆ ನೋಡಿದ. ಆಮೇಲೆ ಎತ್ತಿನ ಮೇಲೆ ನೆಟ್ಟಗೆ ಕೂತ.

"ಕಿರಿಯಾಂವ ಮಲಕಾಜಪ್ಪ." ಗಂಟೆ. ಒಂದು ಉಸಿರು ಬಿಟ್ಟು, ದನಿ ತಗ್ಗಿಸಿ, "ಕಿರಿಯಾಂವ ಮಲಕಾಜಪ್ಪ."

ನಿಂಬೆವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಹಾಂ. ಮುಂದ ಹೇಳು," ಎಂದಳು. ಅವನು ಲಗಮಪ್ಪನ ಸಂತಾನಕ್ಕೆ ಹೋದ.

ಈಗ ನಾನು ಮುದುಕ. ಪ್ರಮೀಳಾ ನಿವೃತ್ತಳಾಗಿದ್ದಾಳೆ. ನಾನು ಅವಳ ಮೇಜಿನ ಕೆಳಗಿನ ಡ್ರಾವರಿನಲ್ಲಿ ಹಳೆಯ ಕನ್ನಡಕಗಳ ಜೊತೆ ಇದ್ದೇನೆ. ಸೆಲ್ಲು ಸೋರಿ ಕೆಡಬಾರದೆಂದು ಅವಳು ತೆಗೆದಿಟ್ಟಿದ್ದಾಳೆ. ಹಾಗಾಗಿ ನನ್ನೊಳಗೆ ನನ್ನದೆಂಬುದು ಏನೂ ಇಲ್ಲ. ಕಿಂಡಿಯಲ್ಲಿ ಮಾತ್ರ ಆ ಕಪ್ಪು ಕಾರ್ಡು ಕೂತಿದೆ. ಅದಕ್ಕೆ ಸೆಲ್ಲಿನ ಹಂಗಿಲ್ಲ, ಇಟ್ಟದ್ದು ಇಟ್ಟ ಹಾಗೆ ಇರುತ್ತದೆ. ಈಗಿನ ಕಂಪ್ಯೂಟರುಗಳಿಗೆ ಆ ಅಳತೆಯ ಕಿಂಡಿಯೇ ಇಲ್ಲವಂತೆ. ಅದನ್ನು ಓದಬಲ್ಲವನು ನಾನೊಬ್ಬನೇ. ನಿಂಬೆವ್ವ ತೀರಿಕೊಂಡು ಬಹಳ ವರ್ಷಗಳಾದವು. ಸಿದರಾಯಪ್ಪನೂ ಇಲ್ಲ. ಮಲಕಾಜಪ್ಪನ ಸುದ್ದಿ ಕೊನೆಗೂ ಬರಲಿಲ್ಲ.

ಹೋದ ವರ್ಷ ಪ್ರಮೀಳಾ ಹೊಸ ಸೆಲ್ಲು ಹಾಕಿದಳು. ನಾನು ಇವತ್ತು ಜನವರಿ ಒಂದೇ ಎಂದು ಕೇಳಿದೆ. ಅವಳು ತಿದ್ದಲಿಲ್ಲ, ಚೀಲಕ್ಕೆ ಹಾಕಿಕೊಂಡು ಹೊರಟಳು. ಮೇಟಿಯವರ ಲಗಮಪ್ಪನ ಕಡೆಯ ಮನೆಯಲ್ಲಿ ಸಿದರಾಯಪ್ಪನ ಮಗ ಯಮನಪ್ಪ ಬಂದು ವಂಶಾವಳಿ ಹೇಳುವವನಿದ್ದ. ನಲವತ್ತು ದಾಟಿದ ಗಂಡಸು, ಅಪ್ಪನದೇ ಕಂಠ, ಅಪ್ಪನದೇ ಗಂಟೆ. ಮೊದಲು ಅವನಿಗೆ ತಂದೆಯ ದನಿ ಕೇಳಿಸೋಣವೆಂದು ಪ್ರಮೀಳಾ ನನ್ನನ್ನು ಕಟ್ಟೆಯ ಮೇಲಿಟ್ಟು ಗುಂಡಿ ಒತ್ತಿದಳು. ಯಮನಪ್ಪ ಎತ್ತಿನ ಮೇಲೆ ಒಂದು ಗಳಿಗೆ ಬೆರಗಾಗಿ ಕೂತ. ಆಮೇಲೆ ತನಗೆ ತಿಳಿಯದೆಯೇ ಅಪ್ಪನ ಜೊತೆ ದನಿಗೂಡಿಸಿದ. ತೀರಿಹೋದ ಅಪ್ಪ ನನ್ನೊಳಗಿಂದ, ಬದುಕಿರುವ ಮಗ ಎತ್ತಿನ ಮೇಲಿಂದ.

ನಿಂಬೆವ್ವನ ಹೆಸರಿಗೆ ನನ್ನೊಳಗೆ ಗಂಟೆ ಬಾರಿಸಿತು, ಯಮನಪ್ಪನ ಕೈಯಲ್ಲಿ ಬಾರಿಸಲಿಲ್ಲ. ಮಲಕಾಜಪ್ಪನ ಹೆಸರು ಬಂದಾಗ ನನ್ನಿಂದ ಬರೀ ಮೌನ ಬಂತು. ಅದು ಮುಗಿಯುವುದನ್ನು ಯಮನಪ್ಪ ಕಾಯಲಿಲ್ಲ. ಗಂಟೆ ಬಾರಿಸಿ ಒಮ್ಮೆ, ದನಿ ತಗ್ಗಿಸಿ ಇನ್ನೊಮ್ಮೆ, ಆ ಹೆಸರನ್ನು ಎರಡು ಸಲ ಹೇಳಿ ಲಗಮಪ್ಪನ ಸಂತಾನಕ್ಕೆ ದಾಟಿಬಿಟ್ಟ.

ಎಲ್ಲ ಮುಗಿದು ಅವನು ಎತ್ತಿನಿಂದ ಇಳಿದ ಮೇಲೆ ಪ್ರಮೀಳಾ ಕೇಳಿದಳು, "ಆ ಹೆಸರು ಯಾಕ ಎರಡ ಸಲ ಹೇಳ್ತೀರಿ, ಗೊತ್ತೈತೇನು?"

"ಗೊತ್ತಿಲ್ರಿ ಬಾಯಾರ. ಅಪ್ಪ ಹಂಗ ಕಲಿಸ್ಯಾನ." ಯಮನಪ್ಪ ಗಂಟೆಯನ್ನು ಪಟಗದ ಸೆರಗಿನಲ್ಲಿ ಸುತ್ತಿಕೊಂಡ. "ಒಂದ ಬಿಟ್ರ ಮುಂದಿನ ಹೆಸರ ಬಾಯಿಗೆ ಬರೂದಿಲ್ಲ."